ಹೆಸರಿನ ಬಾಲ

ನಮ್ಮ ಮನೆಯಲ್ಲಿ ಈಗೊಂದು ಕೂಸಿದೆ. ಅದಕ್ಕೆ ಹೆಸರಿಟ್ಟ ದಿನದಿಂದ ನನ್ನನ್ನು ಏನಂತ ಕರೆಯಬೇಕು ಅನ್ನುವುದೇ ಎಲ್ಲರಿಗೂ ಪ್ರಾಬ್ಲೆಮ್ ಆಗಿಬಿಟ್ಟಿದೆ. ಹಾಲು ಹಾಕಲು ಬರುವವನು ರೂಢಿಯಂತೆ ಬಾಗಿಲಲ್ಲಿ ನಿಂತು ಹಳೆಯ ಹೆಸರನ್ನು ಅರ್ಧ ಅಂದು, ನಾಲಿಗೆ ಕಚ್ಚಿಕೊಂಡು, "ಅಜ್ಜೀ, ಹಾಲ್ರೀ" ಅನ್ನುತ್ತಾನೆ. ಎಂಬತ್ತು ದಾಟಿದ ಹೆಂಗಸಿಗೆ ಹೆಸರು ಯಾಕೆ ಬೇಕು ಅಂತ ನೀವು ಕೇಳಬಹುದು. ಬೇಕೇ ಬೇಕು ಅಂತ ನಾನೂ ಹೇಳುತ್ತಿಲ್ಲ. ಆದರೆ ಅರ್ಧ ಶತಮಾನಕ್ಕೂ ಮಿಕ್ಕಿ ಹೊದ್ದುಕೊಂಡದ್ದನ್ನು ಒಂದು ಬೆಳಿಗ್ಗೆ ತೆಗೆದಿಟ್ಟರೆ ಚಳಿ ಆಗುತ್ತದೆ. ಅಷ್ಟೇ.

ಇಲ್ಲಿ ಹೆಸರುಗಳ ತಲೆ ಬರೆಯುವುದಿಲ್ಲ, ಬಾಲ ಮಾತ್ರ ಬರೆಯುತ್ತೇನೆ. ಬಾಲದ ಹುಚ್ಚು ನನಗೆ ಸಣ್ಣಂದಿನಿಂದ ಇದೆ.

ನಾನು ಬೆಳೆದದ್ದು ಅಳ್ನಾವರದ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ಗೂಡ್ಸ್ ಕ್ಲಾರ್ಕ್. ಬೆಳಗಿನ ಪ್ಯಾಸೆಂಜರಿಗೆ ನಾವು ಮೂವರು ಹುಡುಗಿಯರು ಧಾರವಾಡದ ಕಾನ್ವೆಂಟಿಗೆ ಹೋಗುತ್ತಿದ್ದೆವು. ಒಬ್ಬಳು ಗೋವಾ ಕಡೆಯ ಇಂಜಿನ್ ಡ್ರೈವರನ ಮಗಳು, ಇನ್ನೊಬ್ಬಳು ಟಿಕೆಟ್ ಕಲೆಕ್ಟರ್ ಸಾಹೇಬರ ಮಗಳು, ಮೂರನೆಯವಳು ನಾನು. ಒಬ್ಬಳ ಮನೆಯಲ್ಲಿ ಕೊಂಕಣಿ, ಒಬ್ಬಳ ಮನೆಯಲ್ಲಿ ಉರ್ದು, ನಮ್ಮಲ್ಲಿ ಮರಾಠಿ ಬೆರೆತ ಕನ್ನಡ. ಮೂವರ ಹೆಸರೂ 'ನಾ' ಅಂತಲೇ ಮುಗಿಯುತ್ತಿತ್ತು. ಅಟೆಂಡೆನ್ಸ್ ತೆಗೆದುಕೊಳ್ಳುವ ಸಿಸ್ಟರ್ ಒಬ್ಬರು ಒಂದು ದಿನ ಕನ್ನಡಕದ ಮೇಲಿಂದ ನೋಡಿ, ಒಬ್ಬಳದು ಲ್ಯಾಟಿನ್, ಒಬ್ಬಳದು ಅರೇಬಿಕ್, ಒಬ್ಬಳದು ಸಂಸ್ಕೃತ, ಎಲ್ಲೆಲ್ಲಿಂದಲೋ ಹೊರಟು ಒಂದೇ ಸ್ಟೇಷನ್ನಿಗೆ ಇಳಿದಿದ್ದೀರಲ್ಲ, ಅಂದರು. ಇಂಗ್ಲಿಷಿನಲ್ಲಿ ಅಂದರು, ಅದಕ್ಕೆ ಅದು ನಮಗೆ ವೇದವಾಕ್ಯ ಆಯಿತು.

ಅವತ್ತಿನಿಂದ ರೈಲಿನಲ್ಲಿ ನಮ್ಮದು ಬಾಲ ಹಿಡಿಯುವ ಆಟ. ಒಬ್ಬಳು ಒಂದು ಶಬ್ದ ಹೇಳಬೇಕು, ಉಳಿದವರು ಅದೇ ಬಾಲದ ಶಬ್ದವನ್ನು ಯಾವ ಭಾಷೆಯಿಂದಲಾದರೂ ತರಬೇಕು. ಸ್ಟೇಷನ್ ಅಂದರೆ ರೇಷನ್, ರೇಷನ್ ಅಂದರೆ ಪೆನ್ಶನ್. ದವಾಖಾನಿ ಅಂದರೆ ಕಾರಖಾನಿ, ಜೇಲಖಾನಿ. ಹವಾಲದಾರ, ಜಮಾದಾರ, ಅಂಗಡಿಯ ದುಕಾನದಾರ. ಗೋವಾದವಳು ಸಿಕ್ಕಿಹಾಕಿಕೊಂಡು "ರೇಡಾರ್!" ಅಂತ ಕೂಗಿದ್ದಳು. ಅದು ನಡೆಯುತ್ತದೋ ಇಲ್ಲವೋ ಅಂತ ಕಂಬಾರಗಣವಿ ದಾಟುವತನಕ ಜಗಳ. ಊರ ಹೆಸರಿಗೆ ಬಂದರೆ ನಾನೇ ಗೆಲ್ಲುತ್ತಿದ್ದೆ. ದೇವಿಕೊಪ್ಪ ಅಂತ ಶುರು ಮಾಡಿದರೆ ಸಾಕು, ಕೊಪ್ಪದ ಊರುಗಳು ಧಾರವಾಡ ಬಂದರೂ ಮುಗಿಯುತ್ತಿರಲಿಲ್ಲ.

'ಬಾಯಿ' ಅನ್ನುವ ಬಾಲವೂ ಒಂದು ದಿನ ಬಂತು. ನಮ್ಮ ಅತ್ತೆಯರು, ಕಾಕು ಅಂತ ಕರೆಯುವ ಚಿಕ್ಕಮ್ಮಂದಿರು ಎಲ್ಲ ಆ ಬಾಲದವರೇ.

"ಮರಾಠಿ ಸಾಲ್ಯಾಗ ಟೀಚರ್‌ಗೂ ಬಾಯಿ ಅಂತಾರಂತ" ಅಂದೆ ನಾನು.

"ಹಿಸ್ಟರಿ ಪುಸ್ತಕದಾಗ ರಾಣೇರೂ ಬಾಯೀನೇ" ಅಂದಳು ಟಿ.ಸಿ. ಸಾಹೇಬರ ಮಗಳು.

"ಬಾಂಬೇದಾಗ ನಮ್ಮ ಆಂಟಿ ಮನಿ ಕಸಾ ಹೊಡಿಯಾಕಿಗೆ ಬಾಯಿ ಅಂತಾರ. ನಮ್ಮವ್ವ ನನಗ ಮುದ್ದು ಮಾಡೂಮುಂದ ಬಾಯ್ ಅಂತಾಳ. ಈಗ ನಾ ರಾಣೀನೋ ಕಸಾ ಹೊಡಿಯಾಕೀನೋ?" ಅಂದಳು ಗೋವಾದವಳು. ಮೂವರೂ ಬಿದ್ದು ಬಿದ್ದು ನಕ್ಕೆವು. ಬಾಲ ಒಂದೇ, ಅದನ್ನು ಹೊತ್ತವರ ನಸೀಬು ಬೇರೆ ಬೇರೆ ಅನ್ನುವುದು ನಗುವ ವಯಸ್ಸಿನಲ್ಲಿ ಜೋಕು.

ಅಪ್ಪ ಹೋದ ಮೇಲೆ ಕ್ವಾರ್ಟರ್ಸ್ ಬಿಟ್ಟೆವು. ನನಗೆ ವಯಸ್ಸು ಮೀರಿತ್ತು ಅನ್ನುವುದು ಎಲ್ಲರ ಅಭಿಪ್ರಾಯ. ಕುಂದಗೋಳದ ಹತ್ತಿರದ ಹಳ್ಳಿಯ ಒಂದು ಮನೆತನದಿಂದ ಸಂಬಂಧ ಬಂತು. ಹುಡುಗ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಮೊದಲ ಹೆಂಡತಿ ಜ್ವರದಲ್ಲಿ ತೀರಿಕೊಂಡಿದ್ದಳು, ಮೂರು ವರ್ಷದ ಹೆಣ್ಣುಕೂಸು ಇತ್ತು. ಎರಡನೇ ಸಂಬಂಧ ಅಂತ ನಮ್ಮವ್ವ ಎರಡು ದಿನ ಅತ್ತಳು, ಮೂರನೇ ದಿನ ಹ್ಞೂಂ ಅಂದಳು.

ನಮ್ಮಲ್ಲಿ ಮದುವೆಯಾದ ಹೆಣ್ಣು ಗಂಡನ ಮನೆ ಹೊಕ್ಕ ಮೇಲೆ ಹೆಸರು ಬದಲಿಸುವ ಪದ್ಧತಿ ಇತ್ತು. ಹಿತ್ತಾಳೆಯ ತಟ್ಟೆಯಲ್ಲಿ ಅಕ್ಕಿ ಹರವಿ, ಗಂಡ ಬಂಗಾರದ ಉಂಗುರದಿಂದ ಅದರ ಮೇಲೆ ಹೊಸ ಹೆಸರು ಬರೆಯುತ್ತಾನೆ. ಅದರ ಬಗ್ಗೆ ನನಗೇನೂ ಬೇಜಾರಿರಲಿಲ್ಲ. ನಮ್ಮ ಅಕ್ಕಂದಿರ ಹೆಸರೆಲ್ಲ ಹಾಗೇ ಬದಲಾಗಿದ್ದವು, ನನಗೂ ಒಂದು ಹೊಸದು ಸಿಗುತ್ತದೆ ಅಂದುಕೊಂಡಿದ್ದೆ. ನಾನು ಎದುರಿಗೆ ಕೂತಿದ್ದರಿಂದ ಅಕ್ಷರಗಳು ತಲೆಕೆಳಗಾಗಿ ಕಾಣುತ್ತಿದ್ದವು. ಅವರು ಏನೂ ಯೋಚನೆ ಮಾಡಲಿಲ್ಲ. ಸರಸರ ಬರೆದರು, ಕೈ ಎಲ್ಲೂ ತಡೆಯಲಿಲ್ಲ. ಆ ಹೆಸರನ್ನು ಅವರು ಅಕ್ಕಿಯ ಮೇಲೆ ಎರಡನೇ ಸಲ ಬರೆಯುತ್ತಿದ್ದರು ಅಂತ ನನಗೆ ಗೊತ್ತಾದದ್ದು ಮರುದಿನ.

ಅಡುಗೆಮನೆಯಲ್ಲಿ ಅತ್ತೆಯನ್ನೇ ಕೇಳಿದೆ. "ಅದೇ ಹೆಸರು ಯಾಕ್ರಿ ಅತ್ತಿ?"

ಅವರು ಭಕ್ರಿ ತಟ್ಟುವುದನ್ನು ನಿಲ್ಲಿಸದೆ ಹೇಳಿದರು. "ಆಕಿದು ಹೋಗೂ ವಯಸ್ಸಲ್ಲ. ಮನಿ ಸುತ್ತನ ಇರ್ತಾಳ. ಹೊಸಾ ಹೆಸರು ಕಿವಿಗಿ ಬಿತ್ತಂದ್ರ, ಅಯ್ಯ, ನನ್ನ ಮರತ್ರು ಅಂತ ಸಿಟ್ಟಿಗೇಳ್ತಾಳ. ಆಕಿ ಹೆಸರ ಕರದ್ರ ಆಕೀಗೂ ಸಮಾಧಾನ, ಕೂಸಿಗೂ ಚಲೋ." ಆಮೇಲೆ ಹಂಚಿನ ಮೇಲೆ ಭಕ್ರಿ ಹಾಕಿ, "ಹೆಂಗೂ ಈ ಮನಿ ಸೊಸ್ತೇರ ಹೆಸರೆಲ್ಲಾ 'ಬಾಯಿ'ಯಿಂದನ ಮುಗೀತಾವ. ನಿಂಗೇನು ವಜ್ಜಾ ಆಗ್ತದ?" ಅಂದರು.

ಸತ್ತವಳ ಹೆಸರಿನಲ್ಲಿ ಒಂದು ಸಣ್ಣ ಬಂಗಾರದ ಬಿಲ್ಲೆಯನ್ನೂ ನನ್ನ ಮಂಗಳಸೂತ್ರದ ಬಾಜು ಪೋಣಿಸಿದ್ದರು. ಸವತಿ ತಾಳಿ ಅನ್ನುತ್ತಿದ್ದರು. ಹೊಸ ಸೀರೆ ಬಂದರೆ ಮೊದಲು ಆ ಬಿಲ್ಲೆಗೆ ತೋರಿಸಿ ಆಮೇಲೆ ನಾನು ಉಡಬೇಕು. ಅದನ್ನೆಲ್ಲ ಮಾಡಿದೆ. ಕಾನ್ವೆಂಟಿನ ಹುಡುಗಿ, ಇದೆಲ್ಲ ಸುಪರ್‌ಸ್ಟಿಶನ್ ಅಂತ ಮನಸ್ಸಿನೊಳಗೆ ಅಂದುಕೊಳ್ಳುತ್ತಲೇ ಮಾಡಿದೆ. ಮಾಡುತ್ತ ಮಾಡುತ್ತ ಆಕೆಗೆ ಯಾವ ಬಣ್ಣ ಸೇರುತ್ತದೆ ಅಂತ ನನಗೆ ಗೊತ್ತಾಗತೊಡಗಿತು. ಹೇಗೆ ಗೊತ್ತಾಯಿತು ಅಂತ ಕೇಳಬೇಡಿ.

ಮೊದಮೊದಲು ಆ ಹೆಸರು ನನ್ನದು ಅನ್ನಿಸುತ್ತಲೇ ಇರಲಿಲ್ಲ. ಒಂದು ಮಧ್ಯಾಹ್ನ ನಾನು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದೆ. ಕೂಸು ಕಂಬದ ಹತ್ತಿರ ಆಡುತ್ತಿತ್ತು. ಹಿತ್ತಲಿನಿಂದ ಅತ್ತೆ "...ಬಾಯೀ!" ಅಂತ ಕೂಗಿದರು. ನನಗೆ ತಲೆ ಎತ್ತುವುದು ಹೊಳೆಯಲಿಲ್ಲ. ತಲೆ ಎತ್ತಿದ್ದು ಕೂಸು. ನನ್ನ ಕಡೆ ನೋಡಲಿಲ್ಲ. ನಡುಮನೆಯ ಖಾಲಿ ಬಾಗಿಲ ಕಡೆ ನೋಡಿತು. ಯಾರೋ ಅಲ್ಲಿಂದ "ಓ" ಅಂತ ಹೊರಗೆ ಬರುತ್ತಾರೆ ಅನ್ನುವ ಹಾಗೆ, ಆಟದ ಗೋಲಿ ಕೈಯಲ್ಲೇ ಹಿಡಿದು, ಬಾಯಿ ಸ್ವಲ್ಪ ತೆರೆದು ಕಾಯಿತು. ಅತ್ತೆ ಇನ್ನೊಮ್ಮೆ ಕೂಗಿದರು. ಆ ಬಾಗಿಲನ್ನು ನೋಡುತ್ತಿದ್ದ ಕೂಸನ್ನು ನೋಡಲಾಗದೆ ನಾನು "ಓ" ಅಂದೆ.

ಕೂಸು ತಿರುಗಿ ನನ್ನನ್ನು ನೋಡಿತು. ಅಳಲಿಲ್ಲ. ಎದ್ದು ತನ್ನ ಅಜ್ಜಿಯ ಕಡೆ ಹೋಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಬಾಗಿಲ ಕಡೆ ನೋಡುವುದನ್ನು ಬಿಟ್ಟಿತು. ನಾನು ಮಾತ್ರ ಶುರು ಮಾಡಿದೆ. ಯಾರು ನನ್ನ ಹೆಸರು ಕೂಗಿದರೂ "ಓ" ಅನ್ನುವುದಕ್ಕೆ ಮೊದಲು ಒಂದು ಗಳಿಗೆ ಬಾಗಿಲ ಕಡೆ ನೋಡುತ್ತಿದ್ದೆ, ಆಕೆ ಮೊದಲು ಅನ್ನಲಿ ಅಂತ.

ನಮ್ಮ ಮನೆಯವರು, ಅಂದರೆ ಮಾಸ್ತರು, ಒಳ್ಳೆಯವರು. ನನ್ನ ಜೊತೆ ಅವರು ಒಂದು ದಿನವೂ ಜೋರಾಗಿ ಮಾತಾಡಿದವರಲ್ಲ. ಒಂದು ಸಲ ಜ್ವರ ಬಂದು ಮಲಗಿದ್ದರು. ಮಧ್ಯಾಹ್ನದ ಬಿಸಿಲು ಗವಾಕ್ಷಿಯಿಂದ ಅವರ ಹಾಸಿಗೆಯ ಮೇಲೆ ಬಿದ್ದಿತ್ತು. ಕಣ್ಣು ಮುಚ್ಚಿಕೊಂಡೇ ಹೆಸರು ಹಿಡಿದು ಕರೆದು, "ಆ ಹಸರ ಪತ್ತಲಾ ಎಲ್ಲೆ ಇಟ್ಟಿ? ಭಾಳ ದಿನಾ ಆತು ನೀ ಉಟ್ಟಿಲ್ಲ" ಅಂದರು. ನನ್ನ ಹತ್ತಿರ ಹಸಿರು ಸೀರೆ ಇರಲಿಲ್ಲ. ಹಣೆಯ ಮೇಲಿನ ಒದ್ದೆ ಅರಿವೆ ಬದಲಿಸುತ್ತ, "ಟ್ರಂಕಿನ್ಯಾಗ ಅದ" ಅಂದೆ. "ಹ್ಞೂಂ, ನಾಳೆ ಉಡು" ಅಂದು ಮಗ್ಗಲು ಬದಲಿಸಿದರು. ಎಷ್ಟು ನಿರಾಳವಾಗಿ ಅಂದರು! ಆ ಧ್ವನಿಯಲ್ಲಿ ಅವರು ನನ್ನ ಜೊತೆ ಎಂದೂ ಮಾತಾಡಿದ್ದಿಲ್ಲ. ನನಗೆ ಹೊಟ್ಟೆಕಿಚ್ಚು ಆಗಬೇಕಿತ್ತು. ಆಗಲಿಲ್ಲ. ಯಾರದೋ ಮಾತನ್ನು ಬಾಗಿಲ ಹಿಂದೆ ನಿಂತು ಕೇಳಿದ ಹಾಗೆ ಸಂಕೋಚವಾಯಿತು. ಹುಷಾರಾದ ಮೇಲೆ ಅವರು ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನನಗೆ ಮಕ್ಕಳಾಗಲಿಲ್ಲ. ಆ ಕೂಸೇ ನನ್ನ ಮಗಳು. ಮೈದುನಂದಿರು ನನ್ನನ್ನು ವೈನಿ ಅನ್ನುವುದನ್ನು ಕೇಳಿ ಕೇಳಿ ಆಕೆಯೂ ವೈನಿ ಅಂದಳು. ನಮ್ಮ ಕಡೆ ಇದೇನು ಹೊಸದಲ್ಲ, ಎಷ್ಟೋ ಮಕ್ಕಳು ಹೆತ್ತ ತಾಯಿಗೂ ವೈನಿ ಅಂತಲೇ ಕರೆಯುತ್ತಾರೆ. ಆದರೆ ಅವ್ವನಿಗೆ ಯಾವ ಮಗಳೂ 'ರಿ' ಹಚ್ಚಿ ಮಾತಾಡುವುದಿಲ್ಲ. ಬಾ, ಹೋಗು, ನಿನಗೇನು ತಿಳೀತದ ಅನ್ನುತ್ತಾಳೆ. ನನ್ನ ಮಗಳು ನನಗೆ "ಬರ್ರಿ", "ಊಟಾ ಆತೇನ್ರಿ", "ಬ್ಯಾಡ್ರಿ ವೈನಿ, ನಾ ಮಾಡ್ತೀನಿ". ಎಲ್ಲ ಮಾತಿಗೂ ಒಂದೇ ಬಾಲ. ಎಸ್ಸೆಸ್ಸೆಲ್ಸಿ ಪಾಸಾದ ದಿನ ಕಾಲಿಗೆ ಬಿದ್ದಳು. ಮದುವೆಯ ದಿನ ಅಪ್ಪಿಕೊಂಡು ಅತ್ತಳು. ಅಳುತ್ತ ಅಳುತ್ತಲೂ "ಹೋಗಿ ಬರ್ತೀನ್ರಿ" ಅಂದಳು.

ಅತ್ತೆ ಹೋದರು, ಮನೆಯವರು ಹೋದರು. ಅವರು ಹೋದಾಗ ಮಂಗಳಸೂತ್ರ ತೆಗೆದರಲ್ಲ, ಆಗ ಆ ಬಿಲ್ಲೆಯನ್ನು ಮಗಳ ಕೈಯಲ್ಲಿಟ್ಟು, "ನಿಮ್ಮವ್ವಂದು, ನೀ ಇಟ್ಕೋ" ಅಂದೆ. ಆಕೆ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕುಂದಗೋಳದ ತನ್ನ ಮನೆಗೆ ನನ್ನನ್ನು ಕರೆದುಕೊಂಡು ಬಂದಳು. ಸಾಲೆಯಲ್ಲಿ ಟೀಚರಾಗಿ ರಿಟೈರ್ ಆಗಿದ್ದಾಳೆ. ಅರವತ್ತು ತುಂಬಿದೆ. ಮಗಳನ್ನು ಮದುವೆ ಮಾಡಿ ಕೊಟ್ಟಾಗಿದೆ, ಮಗನಿದ್ದಾನೆ, ಸೊಸೆಯಿದ್ದಾಳೆ. ಈಗ ಆ ಸೊಸೆಗೆ ಹೆಣ್ಣುಕೂಸು.

ಬಾಣಂತಿ ತವರಿನಿಂದ ಬಂದ ಮೇಲೆ ತೊಟ್ಟಿಲಿಗೆ ಹಾಕುವ ಕಾರ್ಯಕ್ರಮ ನಮ್ಮಲ್ಲೇ ಅಂತಾಯಿತು. ಅದರ ಹಿಂದಿನ ವಾರ ನಾವು ಮೂವರೂ ಪಡಸಾಲೆಯಲ್ಲಿ ಕೂತಿದ್ದೆವು. ನಾನು ಮೆಂತ್ಯೆಸೊಪ್ಪು ಸೋಸುತ್ತಿದ್ದೆ, ಮಗಳು ಕೂಸಿನ ಅರಿವೆ ಮಡಚುತ್ತಿದ್ದಳು. ಸೊಸೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಮೊಬೈಲ್ ನೋಡುತ್ತಿದ್ದಳು.

"ಅಜ್ಜೀ, ಕೇಳ್ರಿಲ್ಲೆ. ಮೈರಾ, ಕೈರಾ, ಸಾಯರಾ, ಇರಾ. ಯಾವುದು ಛಂದ ಅದ?"

"ಎಲ್ಲಾ ಒಂದ ಮನಿ ಅಕ್ಕತಂಗೇರಿದ್ದಂಗ ಅದಾವ."

"ಇಲ್ಲರೀ, ಒಂದು ಗ್ರೀಕ್ ಅಂತ, ಒಂದು ಅರೇಬಿಕ್, ಒಂದು ನಮ್ಮ ಸಂಸ್ಕೃತ." ಆಮೇಲೆ ತನ್ನ ಅತ್ತೆಯ ಕಡೆ ತಿರುಗಿ, "ಸ್ಕೂಲ್ ಹೆಸರು ನಂದು, ತೊಟ್ಟಿಲ ಹೆಸರು ನಿಮ್ದು. ಡೀಲ್ ಅಂದ್ರ ಡೀಲ್. ಯಾವುದು ಇಡೋವ್ರು ಹೇಳ್ರಿ" ಅಂದಳು.

ಮಗಳು ಲಂಗೋಟಿ ಮಡಚುತ್ತಲೇ, "ಲಕ್ಷ್ಮಿ ಅಂತ ಇಡೂಣು ಬಿಡು" ಅಂದಳು.

"ಅದೇನ್ರಿ! ನಿಮ್ಮವ್ವನ ಹೆಸರು ಇಡಬೇಕಂತ ನಿಮ್ಮ ಮನಸ್ಸಿನ್ಯಾಗ ಅದ ಅಂತ ನಿಮ್ಮ ಮಗಾ ಹೇಳ್ಯಾರ."

"ಅದು ಬರೂದಿಲ್ಲ."

"ಯಾಕ ಬರೂದಿಲ್ಲ?"

ಮಗಳು ನನ್ನ ಕಡೆ ನೋಡಲಿಲ್ಲ. "ಆ ಹೆಸರಿನವರು ಇನ್ನೂ ಅದಾರಲ್ಲ" ಅಂದಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದಳು.

ನಮ್ಮ ಮನೆತನದಲ್ಲಿ ತೀರಿಕೊಂಡವರ ಹೆಸರನ್ನು ಕೂಸಿಗೆ ಇಡುತ್ತಾರೆ. ಹೋದವರು ತಿರುಗಿ ಬಂದರು ಅಂತ ಲೆಕ್ಕ. ಬದುಕಿದ್ದವರ ಹೆಸರು ಇಡುವುದಿಲ್ಲ. ಇಟ್ಟರೆ ಹಿರಿಯರ ಆಯುಷ್ಯವನ್ನು ಕೂಸಿನ ಕಡೆ ಎಳೆದ ಹಾಗೆ. ಇದು ನನಗೆ ಗೊತ್ತಿದ್ದದ್ದೇ. ಆದರೆ ಅದನ್ನು ನನಗೇ ಹಚ್ಚಿ ನೋಡಿದ್ದು ಅವತ್ತೇ ಮೊದಲು. ಮಗಳು ತನಗೆ ಮಗಳು ಹುಟ್ಟಿದಾಗ ಬೇರೆ ಹೆಸರಿಟ್ಟಿದ್ದಳು. ಆಗ ನಾನು ಬದುಕಿದ್ದೆ. ಈಗಲೂ ಬದುಕಿದ್ದೇನೆ. ಆ ಮನೆಯವರು ಸತ್ತವಳು ಸಿಟ್ಟಾಗಬಾರದು ಅಂತ ಆಕೆಯ ಹೆಸರನ್ನು ನನಗೆ ತೊಡಿಸಿದರು, ನಾನು ಅದನ್ನು ತೊಟ್ಟಿರುವತನಕ ಆಕೆಗೆ ಈ ಮನೆಗೆ ತಿರುಗಿ ಬರುವ ದಾರಿಯೇ ಇರಲಿಲ್ಲ. ಬಾಗಿಲ ಹೊರಗೇ ಇಷ್ಟು ವರ್ಷ ನಿಂತಿದ್ದಳೇ? ನನ್ನ ಕೈಯೊಳಗಿನ ಮೆಂತ್ಯೆಯ ಕಡ್ಡಿ ತಣ್ಣಗಿತ್ತು. ಮಗಳಿಗೆ ನಾನು ಬೇಕು, ಅದು ಸುಳ್ಳಲ್ಲ. ಆಕೆಗೆ ಅವ್ವ ಬೇಕು, ಅದೂ ಸುಳ್ಳಲ್ಲ. ಎರಡೂ ಒಟ್ಟಿಗೆ ಸಿಗುವುದಿಲ್ಲ ಅಂತ ಆಕೆ ಯಾವಾಗಲೋ ತಿಳಿದುಕೊಂಡು ಸುಮ್ಮನಾಗಿದ್ದಳು.

"ನಾ ಸಾಯೂತನಕಾ ಕಾಯ್ತೀಯೇನು?" ಅಂದೆ.

"ಅಯ್ಯ ವೈನಿ! ಹಂಗ್ಯಾಕಂತೀರಿ? ಬಿಡ್ತು ಅನ್ರಿ!"

"ಬಿಡ್ತು. ಅದನ್ನ ಹೇಳ್ಲಿಕ್ಕತ್ತೀನಿ. ಹೆಸರು ನಾ ಬಿಡ್ತೀನಿ."

ಸೊಸೆ ಮೊಬೈಲ್ ಕೆಳಗಿಟ್ಟಳು. ಮಗಳ ಮುಖ ಕೆಂಪಾಯಿತು, ಬೈಯುತ್ತಾಳೋ ಅಳುತ್ತಾಳೋ ತಿಳಿಯಲಿಲ್ಲ. ಕೊನೆಗೆ, "ಹಂಗೆಲ್ಲಾ ಬರ್ತದೇನು? ಆಚಾರ್ರನ್ನ ಕೇಳಬೇಕಾಗ್ತದ" ಅಂದಳು. ಆಗಲೇ ನನಗೆ ತಿಳಿಯಿತು. ಬ್ಯಾಡ ಅನ್ನಲಿಲ್ಲ, ಕೇಳಬೇಕು ಅಂದಳು.

ಆಚಾರ್ರಿಗೆ ಫೋನ್ ಹಚ್ಚಿ ಸ್ಪೀಕರ್ ಮೇಲೆ ಇಟ್ಟೆವು. ಅವರು ಬಹಳ ಹೊತ್ತು ಕೆಮ್ಮಿದರು.

"ಹೆಸರು ಇಡೂ ಶಾಸ್ತ್ರ ಅದರಿ, ಬಿಡೂ ಶಾಸ್ತ್ರ ಸನ್ಯಾಸ ತಗೊಳ್ಳೋವರಿಗೆ ಅಷ್ಟ. ಅಜ್ಜಿಯವರು ಸನ್ಯಾಸ ತಗೋತಾರೇನು?"

"ನನಗ ಚಹಾ ಬಿಡ್ಲಿಕ್ಕೆ ಆಗೂದಿಲ್ಲರಿ ಆಚಾರ್ರ" ಅಂದೆ.

"ಹಂಗಾರ ಸನ್ಯಾಸ ಬ್ಯಾಡ" ಅಂದರು ನಗುತ್ತ. ಆಮೇಲೆ ಧ್ವನಿ ಇಳಿಸಿ ಹೇಳಿದರು. "ಅಕ್ಕಿ ಮ್ಯಾಲೆ ಬಂದ ಹೆಸರಲ್ಲರೀ ಅದು? ಅಕ್ಕಿ ಮ್ಯಾಲೇ ಇಳಸ್ರಿ. ನೀವ ಕೈಯಾರ ತವರಿನ ಹೆಸರು ಬರೀರಿ. ಪುಸ್ತಕದಾಗಂತೂ ಇಲ್ಲ. ಆದ್ರ ತಪ್ಪೂ ಇಲ್ಲ."

ತೊಟ್ಟಿಲ ದಿನ ಬೆಳಿಗ್ಗೆ, ಮಂದಿ ಬರುವ ಮೊದಲು, ಅಡುಗೆಮನೆಯಲ್ಲಿ ಮಗಳು ತಟ್ಟೆಯಲ್ಲಿ ಅಕ್ಕಿ ಹರವಿದಳು. ತನ್ನ ಉಂಗುರ ತೆಗೆದು ನನಗೆ ಕೊಟ್ಟಳು. ನಾನು ಅಕ್ಕಿಯ ಮೇಲೆ ಕೈಯಿಟ್ಟು ಕೂತೆ. ಬರೆಯಲು ಹೋದರೆ ನನ್ನ ಹೆಸರಿನ ಮೊದಲ ಅಕ್ಷರವೇ ಬರಲೊಲ್ಲದು. ಗೊತ್ತಿಲ್ಲ ಅಂತಲ್ಲ. ಕೈಗೆ ಬರಲೊಲ್ಲದು. ಕೈಗೆ ಬಂದದ್ದು 'ನಾ' ಒಂದೇ. ಅದನ್ನೇ ಮೊದಲು ತಟ್ಟೆಯ ಬಲಗಡೆ ಅಂಚಿಗೆ ಬರೆದೆ, ಎಡಗಡೆ ಜಾಗ ಬಿಟ್ಟು. ರೈಲಿನಲ್ಲಿ ಆ ಬಾಲ ಹಂಚಿಕೊಂಡಿದ್ದ ಇಬ್ಬರೂ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ. ಅವರಿಬ್ಬರನ್ನು ಬಿಟ್ಟರೆ ಈ ಭೂಮಿಯ ಮೇಲೆ ನನ್ನನ್ನು ಆ ಹೆಸರಿನಿಂದ ಕರೆದವರು ಯಾರೂ ಉಳಿದಿಲ್ಲ ಅಂತ ಅಕ್ಕಿಯ ಮುಂದೆ ಕೂತಾಗ ಹೊಳೆಯಿತು. ಆಮೇಲೆ ಉಳಿದ ಅಕ್ಷರಗಳು ಬಂದವು, ಹಿಂದಿನಿಂದ ಮುಂದಕ್ಕೆ, ಒಂದೊಂದಾಗಿ.

ಮಗಳು ಬಗ್ಗಿ ಜೋರಾಗಿ ಓದಿದಳು. ಓದಿ, "ಛಂದ ಅದರಿ" ಅಂದಳು. ಊರಿಗೆ ಹೊಸದಾಗಿ ಬಂದ ಬೇರೆಯವರ ಹುಡುಗಿಯನ್ನು ನೋಡಿ ಅಂದ ಹಾಗೆ.

ನನಗೂ ಹಾಗೇ ಅನ್ನಿಸಿತು. ಆ ಹೆಸರಿನವಳು ನನಗೆ ಪರಿಚಯ ಇಲ್ಲ. ಇಪ್ಪತ್ತೈದರ ಹತ್ತಿರ ಎಲ್ಲೋ ನಿಂತುಬಿಟ್ಟಿದ್ದಾಳೆ, ಅಡುಗೆ ಸರಿಯಾಗಿ ಬರುವುದಿಲ್ಲ, ನಗು ಜಾಸ್ತಿ. ನನ್ನನ್ನು ಕಂಡರೆ ಅಜ್ಜಿ ಅನ್ನುತ್ತಾಳೆ.

ಮಧ್ಯಾಹ್ನ ಹೆಂಗಸರೆಲ್ಲ ಸೇರಿ ಕೂಸನ್ನು ತೊಟ್ಟಿಲ ಕೆಳಗಿಂದ ಮೇಲೆ, ಮೇಲಿಂದ ಕೆಳಗೆ ದಾಟಿಸಿದರು. ಸೋದರತ್ತೆ ಕಿವಿಯಲ್ಲಿ ಕುರ್ರ್ ಅಂದು ಹೆಸರು ಹೇಳಿದಳು, ಹಿಂದಿನಿಂದ ಎಲ್ಲರೂ ಆಕೆಯ ಬೆನ್ನಿಗೆ ಗುದ್ದಿ ನಕ್ಕರು. ಗುಗ್ಗರಿ ಹಂಚಿದರು. ನಾನು ಗೋಡೆಗೆ ಒರಗಿ ಕೂತಿದ್ದೆ. ನನ್ನ ಮಗಳ ಸರದಿ ಬಂದಾಗ ಆಕೆ ತೊಟ್ಟಿಲಿಗೆ ಬಗ್ಗಿದಳು, ತುಟಿ ಅಲುಗಿತೋ ಇಲ್ಲವೋ, ಬೇಗ ಎದ್ದುಬಿಟ್ಟಳು. ಇಷ್ಟು ಜನರ ಎದುರಿಗೆ ನಾಚಿಕೆಯಾಗಿರಬೇಕು. ಅವ್ವನ ಹೆಸರು ಹಿಡಿದು ಕರೆಯುವುದು ಯಾವ ಮಗಳಿಗೆ ರೂಢಿ ಇರುತ್ತದೆ?

ಬಂದವರೆಲ್ಲ ಹೋದ ಮೇಲೆ ಸೊಸೆ ಒಳಗೆ ಮಲಗಿದಳು. ನಾನು ಬಾಜುವಿನ ಕೋಣೆಯಲ್ಲಿ ಕಾಲು ಚಾಚಿಕೊಂಡಿದ್ದೆ, ನಿದ್ದೆ ಬಂದಿರಲಿಲ್ಲ. ಬಾಗಿಲು ಅರ್ಧ ತೆರೆದಿತ್ತು. ನಡುಮನೆಯಲ್ಲಿ ಮಗಳು ಕಾಲು ನೀಡಿ, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದಳು. ಕೂಸು ಕೈಕಾಲು ಬಡಿಯುತ್ತಿತ್ತು. ಮೊದಲು ಏನೋ ಗುನುಗಿದಳು. ಆಮೇಲೆ ಹೆಸರು ಹಿಡಿದು ಕರೆದಳು, ಮೆಲ್ಲಗೆ, ಪರೀಕ್ಷೆ ಮಾಡಿದ ಹಾಗೆ. ಇನ್ನೊಮ್ಮೆ ಕರೆದಳು. ಮೂರನೇ ಸಲ ಧ್ವನಿ ಗಟ್ಟಿಯಾಯಿತು.

"ಎಲ್ಲೆ ಹೋಗಿದ್ದಿಲೇ? ಹಾಂ? ಇಷ್ಟ ದಿನಾ ಎಲ್ಲೆ ಹೋಗಿದ್ದಿ ನನ್ನ ಬಿಟ್ಟು? ಹೇಳಬೇ."

ಯಾವ ಅಜ್ಜಿಯಾದರೂ ಕೂಸಿಗೆ ಅನ್ನುವ ಮಾತೇ. ಹಿರಿಯರ ಹೆಸರಿಟ್ಟ ಕೂಸಿಗೆ ಹಾಗೆ ಲೇ, ಬೇ ಅನ್ನಬಾರದು ಅನ್ನುತ್ತಾರೆ, ಆಕೆಗೆ ಅದು ಗೊತ್ತು. ಆದರೂ ಅಂದಳು. ಎಣ್ಣೆಯ ಕೈ ಕೂಸಿನ ಬೆನ್ನಿನ ಮೇಲೆ ನಿಂತುಹೋಗಿತ್ತು. ಅರವತ್ತು ವರ್ಷದ ಹೆಂಗಸು, ಬೆಳ್ಳಗಾದ ತಲೆ, ಕೂಸಿನ ಮುಖದ ಹತ್ತಿರ ಮುಖ ತಂದು, ಉತ್ತರ ಬರುವತನಕ ಏಳುವುದಿಲ್ಲ ಅನ್ನುವ ಹಾಗೆ ಕೂತಿದ್ದಳು.

ಆ ಪ್ರಶ್ನೆ ನನ್ನ ಮದುವೆಯ ಮರುದಿನದಿಂದ ಆ ಮನೆಯಲ್ಲಿ ಇತ್ತು. ನನ್ನನ್ನು ಯಾರೂ ಕೇಳಿರಲಿಲ್ಲ. ಕೂಸು ಗಂಟಲಲ್ಲಿ ಏನೋ ಸದ್ದು ಮಾಡಿತು. ಮಗಳು ಅದಕ್ಕೆ "ಹ್ಞೂಂ... ಹ್ಞೂಂ... ಆಮ್ಯಾಲೆ?" ಅಂದಳು.

ಅವರ ಮಾತು ಅವರು ಆಡಿಕೊಳ್ಳಲಿ ಅಂತ ನಾನು ಎದ್ದು, ಸದ್ದಾಗದ ಹಾಗೆ ಬಾಗಿಲು ಎಳೆದುಕೊಂಡೆ.